ಪಾಕಶಾಲೆಯ ಸೂತ್ರಧಾರ: ಓಗುಸ್ತ್ ಎಸ್ಕಾಫಿಯೆ

ನಮ್ಮ ಪುರಾಣಗಳಲ್ಲಿ ಇಬ್ಬರು ಪ್ರಸಿದ್ಧ ಅಡುಗೆಯವರಿದ್ದಾರೆ. ಒಬ್ಬನು ನಳ, ಇನ್ನೊಬ್ಬನು ಭೀಮ. ಇವರ ಹೆಸರಿನಿಂದಲೇ ನಳಪಾಕ, ಭೀಮಪಾಕ ಎಂಬ ಮಾತುಗಳು ಬಳಕೆಗೆ ಬಂದಿವೆ. ಆದರೆ ಇವರಿಬ್ಬರೂ ಸೌಟು ಹಿಡಿದು ಬದುಕಿದ್ದು ಕೇಡುಗಾಲದಲ್ಲಿ. ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಆಶ್ರಯದಲ್ಲಿದ್ದನು. ಅಜ್ಞಾತವಾಸದ ಭೀಮನು ವಲಲನಾಗಿ ವಿರಾಟನ ಅಡುಗೆಮನೆಯನ್ನು ಸೇರಿದನು. ಇವರ ನಿಜವಾದ ಹೆಸರು ಹೊರಬಿದ್ದೊಡನೆ ಅಡುಗೆಯ ಕೆಲಸವೂ ಮುಗಿಯಿತು. ಅರಸನೊಬ್ಬನು ತನ್ನನ್ನು ಮರೆಸಿಕೊಳ್ಳಬೇಕಾದರೆ ಅಡುಗೆಮನೆಯಂಥ ಜಾಗ ಬೇರೊಂದಿಲ್ಲವೆಂಬುದು ಈ ಕಥೆಗಳಿಂದ ಹೊರಡುವ ಅರ್ಥ. ಏಕೆಂದರೆ ಉಂಡವರು ಅಡುಗೆಯನ್ನು ಹೊಗಳುತ್ತಾರೆಯೇ ಹೊರತು ಒಳಗೆ ಹೋಗಿ ಅಡುಗೆಯವನ ಮುಖವನ್ನು ನೋಡುವುದಿಲ್ಲ.

ಇದಕ್ಕೆ ತಿರುವುಮುರುವಾದ ಒಂದು ಬಾಳು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ನಮಗೆ ದೊರೆಯುತ್ತದೆ. ಓಗುಸ್ತ್ ಎಸ್ಕಾಫಿಯೆ ಎಂಬ ಫ್ರೆಂಚ್ ಬಾಣಸಿಗನು ಅರಸುಮಗನಲ್ಲ, ಒಬ್ಬ ಕಮ್ಮಾರನ ಮಗ. ಅಡುಗೆಮನೆಯೊಳಗೆ ಹೋಗಿ ಆತನ ಹೆಸರು ಅಳಿಯಲಿಲ್ಲ, ಅಲ್ಲಿಂದಲೇ ಬೆಳಗಿತು. ಲಂಡನ್, ಪ್ಯಾರಿಸ್‌ಗಳಂಥ ಮಹಾನಗರಗಳಲ್ಲಿ ಜನ ಮನೆಯಿಂದ ಹೊರಗೆ ಬಂದು ಉಣ್ಣುವ ರೀತಿಯನ್ನೇ ಬದಲಾಯಿಸಿದವರಲ್ಲಿ ಆತನು ಮೊದಲ ಸಾಲಿನವನು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಅಡುಗೆಯವನ ಕೆಲಸಕ್ಕೆ ಸಮಾಜದಲ್ಲಿ ಒಂದು ಮರ್ಯಾದೆಯನ್ನು ತಂದುಕೊಡಲು ಆತನು ಅರುವತ್ತು ವರ್ಷಗಳಿಗೂ ಮೀರಿ ದುಡಿದನು. ಆತನ ಚರಿತ್ರೆಯಲ್ಲಿ ಒಂದು ಕಲೆಯೂ ಇದೆ. ಅದನ್ನು ಮುಚ್ಚಿಡದೆ ಹೇಳಿದರೇ ಮನುಷ್ಯನು ಪೂರ್ತಿಯಾಗಿ ಅರ್ಥವಾಗುತ್ತಾನೆ.

ಎಸ್ಕಾಫಿಯೆ ಹುಟ್ಟಿದ್ದು 1846ನೆಯ ಇಸವಿ ಅಕ್ಟೋಬರ್ 28ರಂದು, ದಕ್ಷಿಣ ಫ್ರಾನ್ಸಿನ ವಿಲ್‌ನೆವ್ ಲೂಬೆ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಕಮ್ಮಾರ. ಹುಡುಗನಿಗೆ ಚಿತ್ರ ಬರೆಯುವುದರಲ್ಲಿ ಅತಿಶಯವಾದ ಒಲವು. ಶಿಲ್ಪಿಯಾಗಬೇಕೆಂಬುದು ಆತನ ಬಯಕೆ. ಆದರೆ ಕಮ್ಮಾರನ ಮನೆಯಲ್ಲಿ ಮಗನ ಬಯಕೆಗಿಂತ ಮಗನ ಸಂಪಾದನೆ ಮುಖ್ಯ. ಹದಿಮೂರನೆಯ ವಯಸ್ಸಿಗೆ ಶಾಲೆಯನ್ನು ಬಿಡಿಸಿ, ಸಮೀಪದ ನೀಸ್ ಪಟ್ಟಣದಲ್ಲಿ ಉಪಾಹಾರಗೃಹವನ್ನು ನಡೆಸುತ್ತಿದ್ದ ಚಿಕ್ಕಪ್ಪನ ಬಳಿಗೆ ತಂದೆ ಆತನನ್ನು ಕಳುಹಿಸಿದನು. ಹುಡುಗನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಚಿಕ್ಕಪ್ಪನು ನೆಂಟನೆಂಬ ಸಲಿಗೆಯನ್ನು ತೋರಿಸಲಿಲ್ಲ. ಪಾತ್ರೆ, ಒಲೆ, ತರಕಾರಿ, ಮಾರುಕಟ್ಟೆ, ಲೆಕ್ಕ ಎಲ್ಲವನ್ನೂ ಹುಡುಗನು ಬುಡದಿಂದ ಕಲಿಯಬೇಕಾಯಿತು. ಆ ಕಾಲದ ಅಡುಗೆಮನೆಗಳಲ್ಲಿ ಕಲಿಯಲು ಬಂದ ಹುಡುಗರಿಗೆ ಏಟು, ಬೈಗುಳ ನಿತ್ಯದ ಊಟವಿದ್ದಂತೆ. ಅದರ ಮೇಲೆ ಎಸ್ಕಾಫಿಯೆ ಬಹಳ ಕುಳ್ಳನು. ಕಬ್ಬಿಣದ ದೊಡ್ಡ ಒಲೆಗಳ ಮುಂದೆ ನಿಂತರೆ ಬೆಂಕಿಯ ಝಳ ನೇರವಾಗಿ ಮುಖಕ್ಕೇ ಬಡಿಯುತ್ತಿತ್ತು. ಇದಕ್ಕಾಗಿ ಆತನು ಎತ್ತರವಾದ ಹಿಮ್ಮಡಿಯ ಬೂಟುಗಳನ್ನು ಮಾಡಿಸಿ ತೊಟ್ಟುಕೊಳ್ಳುತ್ತಿದ್ದನು. ಮುಂದೆ ಎಷ್ಟು ದೊಡ್ಡವನಾದರೂ ಈ ಬೂಟುಗಳನ್ನು ಬಿಡಲಿಲ್ಲ. ತಾನು ಆರಿಸಿಕೊಂಡ ದಾರಿ ಇದಲ್ಲದಿದ್ದರೂ, ನಡೆಯಬೇಕಾದ ಮೇಲೆ ಚೆನ್ನಾಗಿ ನಡೆಯಬೇಕೆಂದು ಆತನು ಎಳೆಯ ವಯಸ್ಸಿನಲ್ಲಿಯೇ ನಿಶ್ಚಯಿಸಿಕೊಂಡಂತೆ ತೋರುತ್ತದೆ.

1865ರಲ್ಲಿ, ಹತ್ತೊಂಬತ್ತು ತುಂಬುವ ಹೊತ್ತಿಗೆ, ಆತನು ಪ್ಯಾರಿಸ್ಸಿಗೆ ಹೋದನು. ಇಲ್ಲಿ ಪ್ಯಾರಿಸ್ಸಿನ ವಿಷಯವನ್ನು ಸ್ವಲ್ಪ ಹೇಳಬೇಕು. ದುಡ್ಡು ಕೊಟ್ಟು ತನಗೆ ಬೇಕಾದ ತಿನಿಸನ್ನು ಪಟ್ಟಿ ನೋಡಿ ತರಿಸಿಕೊಂಡು, ಬೇರೆ ಮೇಜಿನಲ್ಲಿ ಕುಳಿತು ಉಣ್ಣುವ ರೆಸ್ಟೋರೆಂಟ್ ಎಂಬ ವ್ಯವಸ್ಥೆ ಯುರೋಪಿನಲ್ಲಿ ಬೆಳೆದದ್ದು ಹದಿನೆಂಟನೆಯ ಶತಮಾನದ ಕೊನೆಯ ಪ್ಯಾರಿಸ್ಸಿನಲ್ಲಿ. ಅದಕ್ಕೆ ಮೊದಲು ದಾರಿಹೋಕರಿಗೆ ಛತ್ರದಂಥ ಇನ್‌ಗಳಿದ್ದವು. ಅಲ್ಲಿ ಹೊತ್ತಿಗೆ ಸರಿಯಾಗಿ ಬಂದವರಿಗೆ ಅಂದು ಬೆಂದದ್ದನ್ನು ಬಡಿಸುತ್ತಿದ್ದರು. ಒಳ್ಳೆಯ ಅಡುಗೆಯೆಲ್ಲ ಶ್ರೀಮಂತರ ಮನೆಗಳಲ್ಲಿತ್ತು. 1789ರ ಮಹಾಕ್ರಾಂತಿಯಲ್ಲಿ ಆ ಮನೆತನಗಳು ಉರುಳಿದಾಗ ಕೆಲಸ ಕಳೆದುಕೊಂಡ ಅಡುಗೆಯವರಲ್ಲಿ ಹಲವರು ಬೀದಿಗೆ ಬಂದು ತಾವೇ ಅಂಗಡಿ ತೆರೆದರು. ಹೀಗೆ ದೊರೆಗಳ ಊಟ ದುಡ್ಡಿದ್ದ ನಾಗರಿಕನಿಗೂ ಎಟುಕುವಂತಾಯಿತು. ಎಸ್ಕಾಫಿಯೆ ಸೇರಿದ ಲ ಪೆತೀ ಮುಲೆಂ ರೂಜ್ ಎಂಬುದು ಪ್ಯಾರಿಸ್ಸಿನ ಅಂಥ ಹೆಸರುವಾಸಿಯಾದ ಒಂದು ಉಪಾಹಾರಗೃಹ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ನಡೆಯಿತು. ಎಸ್ಕಾಫಿಯೆಯನ್ನು ಸೈನ್ಯಕ್ಕೆ ಕರೆಸಿ ಅಧಿಕಾರಿಗಳ ಅಡುಗೆಗೆ ನೇಮಿಸಿದರು. ಮೆಟ್ಸ್ ಎಂಬ ಕೋಟೆಯ ಪಟ್ಟಣವನ್ನು ಶತ್ರುಗಳು ಮುತ್ತಿದಾಗ ಆತನು ಒಳಗೆ ಸಿಕ್ಕಿಬಿದ್ದನು. ಮುತ್ತಿಗೆ ಬಿಗಿಯಾಗುವುದನ್ನು ಮೊದಲೇ ಊಹಿಸಿ ಆತನು ಕೋಳಿ, ಬಾತು ಮುಂತಾದ ಪ್ರಾಣಿಗಳನ್ನು ಕೂಡಿಹಾಕಿದ್ದನು. ಅವು ಮುಗಿದ ಮೇಲೆ ಕುದುರೆಯ ಮಾಂಸವೇ ಗತಿ. ಅದರ ಕಹಿ ಹೋಗುವಂತೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಅಡುಗೆ ಮಾಡುವುದನ್ನು ಆತನು ಅಲ್ಲಿ ಕಂಡುಕೊಂಡನು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮೆಟ್ಸ್ ಶರಣಾಯಿತು. ಎಸ್ಕಾಫಿಯೆ ಸೆರೆಯಾಳಾಗಿ ಜರ್ಮನಿಗೆ ಹೋಗಿ ಮರುವರ್ಷ ಬಿಡುಗಡೆಯಾಗಿ ಬಂದನು. ಹಸಿವೆಂದರೇನೆಂಬುದನ್ನು ಈ ತಿಂಗಳುಗಳು ಆತನಿಗೆ ಕಲಿಸಿದವು. ಒಂದು ಮೂಳೆಯನ್ನೂ ವ್ಯರ್ಥಮಾಡದ ಕಟ್ಟುನಿಟ್ಟು, ಆಹಾರವನ್ನು ಡಬ್ಬಿಗಳಲ್ಲಿ ಕೆಡದಂತೆ ಇಡುವ ವಿಷಯದ ಆಸಕ್ತಿ, ಇವೆರಡೂ ಜೀವಮಾನವಿಡೀ ಆತನಲ್ಲಿ ಉಳಿದವು.

ಯುದ್ಧದ ನಂತರ ಪ್ಯಾರಿಸ್ಸಿನ ಹಳೆಯ ಉಪಾಹಾರಗೃಹಕ್ಕೇ ಮುಖ್ಯ ಬಾಣಸಿಗನಾಗಿ ಹಿಂದಿರುಗಿದನು. ಡೆಲ್ಫೀನ್ ದಾಫಿಸ್ ಎಂಬ ಪ್ರಕಾಶಕರೊಬ್ಬರ ಮಗಳನ್ನು ಮದುವೆಯಾದನು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಹುಟ್ಟಿದರು. ಶಿಲ್ಪಿಯಾಗಬೇಕೆಂದಿದ್ದ ಹಳೆಯ ಹಂಬಲ ಪೂರಾ ಸತ್ತಿರಲಿಲ್ಲ. ಮೇಣದಿಂದ ಹೂಗಳನ್ನು ಮಾಡುವುದರಲ್ಲಿ ಆತನಿಗಿದ್ದ ಕೈಚಳಕ ಎಷ್ಟಿತ್ತೆಂದರೆ, ಆ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದನು.

ಆತನ ಬಾಳಿನ ದೊಡ್ಡ ತಿರುವು ಬಂದದ್ದು 1884ರಲ್ಲಿ, ಮೆಡಿಟರೇನಿಯನ್ ತೀರದ ಮಾಂಟೆ ಕಾರ್ಲೊ ಪಟ್ಟಣದಲ್ಲಿ. ಅಲ್ಲಿಯ ಗ್ರಾಂಡ್ ಹೋಟೆಲಿಗೆ ಆತನನ್ನು ಕರೆಸಿಕೊಂಡವನು ಸೆಸಾರ್ ರಿಟ್ಸ್. ರಿಟ್ಸನೂ ಬಡವರ ಮನೆಯವನೇ. ಸ್ವಿಟ್ಸರ್ಲೆಂಡಿನ ಒಂದು ಗುಡ್ಡಗಾಡು ಹಳ್ಳಿಯ ರೈತನ ಹದಿಮೂರನೆಯ ಮಗು. ಹೋಟೆಲುಗಳಲ್ಲಿ ಮಾಣಿಯಾಗಿ ದುಡಿದು ಮೇಲೆ ಬಂದವನು. ಅತಿಥಿಗಳು ಬಾಯಿಬಿಟ್ಟು ಕೇಳುವ ಮೊದಲೇ ಅವರ ಮನಸ್ಸನ್ನು ತಿಳಿಯುವ ಶಕ್ತಿ ಆತನಲ್ಲಿತ್ತು. ಒಬ್ಬನು ಹೊರಗಿನ ಅಂಗಣವನ್ನು ನೋಡಿಕೊಂಡನು, ಇನ್ನೊಬ್ಬನು ಒಳಗಿನ ಒಲೆಯನ್ನು ನೋಡಿಕೊಂಡನು. ಚಳಿಗಾಲದಲ್ಲಿ ಮಾಂಟೆ ಕಾರ್ಲೊ, ಬೇಸಿಗೆಯಲ್ಲಿ ಸ್ವಿಟ್ಸರ್ಲೆಂಡಿನ ಲೂಸರ್ನ್. ಹೀಗೆ ಶ್ರೀಮಂತರು ಹೋದಲ್ಲೆಲ್ಲ ಈ ಜೋಡಿಯೂ ಹೋಯಿತು.

ಆ ಕಾಲಕ್ಕೆ ಲಂಡನ್ ಜಗತ್ತಿನ ಅತಿ ದೊಡ್ಡ ನಗರ. ಆದರೆ ಊಟದ ವಿಷಯದಲ್ಲಿ ಪ್ಯಾರಿಸ್ಸಿಗಿಂತ ಬಹಳ ಹಿಂದೆ. ದೊಡ್ಡಮನೆತನದವರು ತಮ್ಮ ತಮ್ಮ ಮನೆಗಳಲ್ಲಿ ಅಡುಗೆಯವರನ್ನಿಟ್ಟುಕೊಂಡು ಉಣ್ಣುತ್ತಿದ್ದರು. ಗಂಡಸರು ತಮ್ಮ ಕ್ಲಬ್ಬುಗಳಲ್ಲಿ ಸೇರುತ್ತಿದ್ದರು. ಮರ್ಯಾದಸ್ಥ ಮನೆಯ ಹೆಂಗಸು ಹತ್ತು ಜನರ ಮುಂದೆ ಹೋಟೆಲಿನಲ್ಲಿ ಕುಳಿತು ರಾತ್ರಿಯ ಊಟ ಮಾಡುವುದು ಗೌರವದ ಮಾತಾಗಿರಲಿಲ್ಲ. ಇಂಥ ನಗರದಲ್ಲಿ ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ನಾಟಕ ಕಂಪೆನಿಯ ಒಡೆಯನು ಗೀತನಾಟಕಗಳಿಂದ ಬಂದ ಲಾಭವನ್ನು ಹಾಕಿ, ಥೇಮ್ಸ್ ನದಿಯ ದಂಡೆಯಲ್ಲಿ ಸವಾಯ್ ಎಂಬ ಹೋಟೆಲನ್ನು ಕಟ್ಟಿಸಿದನು. ವಿದ್ಯುದ್ದೀಪ, ಲಿಫ್ಟು ಮುಂತಾದ ಹೊಸ ಸೌಕರ್ಯಗಳೆಲ್ಲ ಅಲ್ಲಿದ್ದವು. ಹೋಟೆಲು 1889ರ ಆಗಸ್ಟಿನಲ್ಲಿ ತೆರೆಯಿತು. ಕಟ್ಟಡವಿದ್ದರೆ ಸಾಲದು, ನಡೆಸುವವರು ಬೇಕೆಂದು ಆತನು ರಿಟ್ಸ್ ಮತ್ತು ಎಸ್ಕಾಫಿಯೆ ಇಬ್ಬರನ್ನೂ ಕರೆತಂದನು. 1890ರಲ್ಲಿ ಎಸ್ಕಾಫಿಯೆ ಸವಾಯ್‌ನ ಅಡುಗೆಮನೆಯನ್ನು ವಹಿಸಿಕೊಂಡನು.

ಅಂದಿನ ದೊಡ್ಡ ಅಡುಗೆಮನೆಗಳು ಹೇಗಿದ್ದವೆಂಬುದನ್ನು ಇಂದು ಊಹಿಸುವುದು ಕಷ್ಟ. ಅವು ಬಹುಮಟ್ಟಿಗೆ ನೆಲಮಾಳಿಗೆಗಳಲ್ಲಿದ್ದವು. ಕಲ್ಲಿದ್ದಲಿನ ಒಲೆಗಳ ಹೊಗೆಗೆ ಹೊರದಾರಿಯಿಲ್ಲ. ಸೆಕೆ ತಡೆಯಲಾರದೆ ಅಡುಗೆಯವರು ಬೆಳಗಿನಿಂದ ಮದ್ಯ ಕುಡಿಯುತ್ತಿದ್ದರು. ಕುಡಿದು ಜಗಳವಾಡುತ್ತಿದ್ದರು. ದೊಡ್ಡವನು ಚಿಕ್ಕವನಿಗೆ ಹೊಡೆಯುತ್ತಿದ್ದನು, ಚಿಕ್ಕವನು ತನಗಿಂತ ಚಿಕ್ಕವನಿಗೆ ಹೊಡೆಯುತ್ತಿದ್ದನು. ಅನೇಕರು ನಡುವಯಸ್ಸು ದಾಟುವ ಮೊದಲೇ ಎದೆಯ ರೋಗದಿಂದಲೋ ಕುಡಿತದಿಂದಲೋ ಸಾಯುತ್ತಿದ್ದರು. ಮೇಲೆ ಸ್ಫಟಿಕದ ದೀಪಗಳ ಕೆಳಗೆ ಉಣ್ಣುತ್ತಿದ್ದವರಿಗೆ ಈ ಕೆಳಗಿನ ಲೋಕ ಕಾಣುತ್ತಲೇ ಇರಲಿಲ್ಲ.

ಎಸ್ಕಾಫಿಯೆ ಮೊದಲು ಕೈಹಾಕಿದ್ದು ಇದಕ್ಕೇ. ಅಡುಗೆಮನೆಯಲ್ಲಿ ಕುಡಿತವನ್ನು ನಿಲ್ಲಿಸಿದನು. ಅದರ ಬದಲು ಬಾರ್ಲಿಯ ತಂಪಾದ ಪಾನೀಯವೊಂದನ್ನು ಮಾಡಿಸಿ ಎಲ್ಲರಿಗೂ ಬೇಕಾದಷ್ಟು ದೊರೆಯುವಂತಿಟ್ಟನು. ಬೈಗುಳ, ಕೂಗಾಟಗಳನ್ನು ನಿಷೇಧಿಸಿದನು. ಮೇಲಿನಿಂದ ಬಂದ ಬೇಡಿಕೆಯನ್ನು ಗಟ್ಟಿಯಾಗಿ ಸಾರುವವನಿಗೆ ಫ್ರೆಂಚರಲ್ಲಿ ಬೊಗಳುವವನು ಎಂಬರ್ಥದ ಹೆಸರೇ ಇತ್ತು. ಎಸ್ಕಾಫಿಯೆ ಆ ಹೆಸರನ್ನು ತೆಗೆದು, ತಿಳಿಸುವವನು ಎಂದು ಕರೆದನು. ನಮ್ಮ ಹೋಟೆಲುಗಳಲ್ಲಿ ದೋಸೆ ಕಾಫಿಗಳ ಲೆಕ್ಕವನ್ನು ಸಪ್ಲೈಯರ್ ಕೂಗುವುದನ್ನು ಕೇಳಿದವರಿಗೆ ಈ ಬದಲಾವಣೆಯ ಅರ್ಥ ಚೆನ್ನಾಗಿ ಆಗುತ್ತದೆ. ಕೆಲಸ ಮುಗಿಸಿ ಬೀದಿಗೆ ಹೋಗುವಾಗ ಶುಭ್ರವಾದ ಕೋಟು ಹಾಕಿಕೊಂಡು ಹೋಗಬೇಕು, ಬಿಡುವಿನಲ್ಲಿ ಓದು ಬರಹ ಕಲಿಯಬೇಕು ಎಂದು ಹುಡುಗರಿಗೆ ಬುದ್ಧಿ ಹೇಳುತ್ತಿದ್ದನು. ತನಗೇ ಸಿಟ್ಟು ಬಂದಾಗ ಮಾತಾಡದೆ ಅಡುಗೆಮನೆಯಿಂದ ಹೊರಕ್ಕೆ ಹೋಗಿ, ಸಮಾಧಾನವಾದ ಮೇಲೆ ಹಿಂದಿರುಗುತ್ತಿದ್ದನು.

ಎರಡನೆಯ ಸುಧಾರಣೆ ಕೆಲಸದ ಹಂಚಿಕೆ. ಮೊದಲು ಅಡುಗೆಮನೆಯ ಒಂದೊಂದು ವಿಭಾಗವೂ ತನ್ನ ಪಾಲಿನ ತಿನಿಸನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡುತ್ತಿತ್ತು. ಒಂದೇ ಕೆಲಸ ನಾಲ್ಕು ಕಡೆ ನಡೆಯುತ್ತಿತ್ತು, ಹೊತ್ತು ವ್ಯರ್ಥವಾಗುತ್ತಿತ್ತು. ಎಸ್ಕಾಫಿಯೆ ಸೈನ್ಯದ ದಳದಂತೆ ಇಡೀ ಅಡುಗೆಮನೆಯನ್ನು ಹೊಸದಾಗಿ ಕಟ್ಟಿದನು. ಸಾಸು, ಎಂದರೆ ನಮ್ಮ ಗೊಜ್ಜಿನಂತೆ ತಿನಿಸಿನೊಡನೆ ಬಡಿಸುವ ರಸ, ಅದನ್ನು ಮಾಡುವವನೊಬ್ಬ, ಸುಡುವ ಹುರಿಯುವ ಕೆಲಸಕ್ಕೊಬ್ಬ, ಮೀನಿಗೊಬ್ಬ, ತರಕಾರಿ, ಮೊಟ್ಟೆಗಳಿಗೊಬ್ಬ, ತಣ್ಣನೆಯ ಪದಾರ್ಥ ಮತ್ತು ಉಗ್ರಾಣಕ್ಕೊಬ್ಬ, ಸಿಹಿತಿಂಡಿಗೊಬ್ಬ. ಒಬ್ಬೊಬ್ಬನ ಕೈಕೆಳಗೂ ಸಹಾಯಕರು, ಕಲಿಯುವ ಹುಡುಗರು. ಎಲ್ಲರ ಮೇಲೆ ಮುಖ್ಯ ಬಾಣಸಿಗ.

ಇದರಿಂದಾದ ಪ್ರಯೋಜನಕ್ಕೆ ಒಂದು ಉದಾಹರಣೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ. ಮೇಯರ್‌ಬೇರ್ ಎಂಬ ಸಂಗೀತಗಾರನ ಹೆಸರಿನ ಮೊಟ್ಟೆಯ ತಿನಿಸೊಂದಿದೆ. ಒಬ್ಬನೇ ಮಾಡಿದರೆ ಸುಮಾರು ಹದಿನೈದು ನಿಮಿಷ ಬೇಕು. ಎಸ್ಕಾಫಿಯೆಯ ಪದ್ಧತಿಯಲ್ಲಿ ಒಬ್ಬನು ಮೊಟ್ಟೆಯನ್ನು ಬೇಯಿಸುವಷ್ಟರಲ್ಲಿ ಇನ್ನೊಬ್ಬನು ಅದರೊಡನೆ ಇಡುವ ಮಾಂಸವನ್ನು ಸುಡುತ್ತಾನೆ, ಮೂರನೆಯವನು ಸಾಸನ್ನು ಸಿದ್ಧಪಡಿಸುತ್ತಾನೆ. ಕೆಲವೇ ನಿಮಿಷಗಳಲ್ಲಿ ತಟ್ಟೆ ಮೇಜಿಗೆ ಹೋಗುತ್ತದೆ. ನಾಟಕ ಬಿಟ್ಟೊಡನೆ ನೂರಾರು ಜನ ಒಟ್ಟಿಗೆ ಬಂದು ಕುಳಿತುಕೊಳ್ಳುವ ಸವಾಯ್‌ನಂಥ ಹೋಟೆಲಿಗೆ ಇದು ಅಗತ್ಯವೇ ಆಗಿತ್ತು. ನಗರದ ಊಟದಲ್ಲಿ ರುಚಿಯಷ್ಟೇ ಹೊತ್ತೂ ಮುಖ್ಯವೆಂಬುದನ್ನು ಆತನು ಅರಿತಿದ್ದನು. ಆತನ ಪದ್ಧತಿಯಲ್ಲಿ ಒಬ್ಬನ ಹೆಸರು ಮೇಲೆ ಬಂದರೂ ಆ ತಟ್ಟೆಯ ಹಿಂದೆ ಹಲವು ಕೈಗಳಿರುತ್ತಿದ್ದವು.

ಬಡಿಸುವ ರೀತಿಯಲ್ಲಿಯೂ ಬದಲಾವಣೆ ಬಂದಿತು. ಹಳೆಯ ಫ್ರೆಂಚ್ ಔತಣಗಳಲ್ಲಿ ಹತ್ತಾರು ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡುತ್ತಿದ್ದರು. ನೋಟಕ್ಕೆ ಭವ್ಯ, ಆದರೆ ತಿನ್ನುವ ಹೊತ್ತಿಗೆ ಎಲ್ಲವೂ ತಣ್ಣಗಾಗುತ್ತಿತ್ತು. ಒಂದಾದ ಮೇಲೊಂದರಂತೆ ಬಿಸಿಬಿಸಿಯಾಗಿ ತಂದು ಬಡಿಸುವ ರಷ್ಯದ ಪದ್ಧತಿ ಅಷ್ಟರಲ್ಲಿ ಯುರೋಪಿಗೆ ಬಂದಿದ್ದಿತು. ಎಸ್ಕಾಫಿಯೆ ಅದನ್ನು ತನ್ನ ಹೋಟೆಲುಗಳಲ್ಲಿ ನೆಲೆಗೊಳಿಸಿದನು. ಪಟ್ಟಿಯಲ್ಲಿದ್ದ ಫ್ರೆಂಚ್ ಹೆಸರುಗಳನ್ನು ಕಂಡು ಇಂಗ್ಲಿಷ್ ಅತಿಥಿಗಳು ಗಲಿಬಿಲಿಗೊಳ್ಳುತ್ತಿದ್ದುದನ್ನು ಗಮನಿಸಿ, ನಾಲ್ಕು ಜನಕ್ಕೆ ಕಡಿಮೆಯಿಲ್ಲದೆ ಬಂದವರಿಗೆ ಗೊತ್ತಾದ ಬೆಲೆಗೆ ತಾನೇ ಊಟವನ್ನು ಆಯ್ದುಕೊಡುವ ಏರ್ಪಾಡು ಮಾಡಿದನು. ಯಾರಿಗೆ ಯಾವತ್ತು ಏನನ್ನು ಬಡಿಸಿದೆನೆಂಬುದನ್ನು ಬರೆದಿಟ್ಟುಕೊಂಡು, ಅವರು ಮತ್ತೆ ಬಂದಾಗ ಬೇರೆಯ ಊಟವನ್ನೇ ಕೊಡುತ್ತಿದ್ದನು.

ಸವಾಯ್‌ಗೆ ಹೆಂಗಸರು ಬರತೊಡಗಿದರು. ಒಳ್ಳೆಯ ಉಡುಪು, ಸಂಗೀತ, ದೀಪ, ಹೂವುಗಳ ನಡುವೆ ಗಂಡಹೆಂಡಿರು ಒಟ್ಟಿಗೆ ಕುಳಿತು ಊಟಮಾಡುವುದು ಲಂಡನ್ನಿನಲ್ಲಿ ಗೌರವದ ಸಂಗತಿಯಾಯಿತು. ಇದಕ್ಕಾಗಿ ರಿಟ್ಸ್ ಪಟ್ಟ ಶ್ರಮ ಬಹಳ. ಒಳಗಿನಿಂದ ಎಸ್ಕಾಫಿಯೆ ಅದಕ್ಕೆ ತಕ್ಕಂತೆ ಹಗುರವಾದ, ಅಂದವಾದ ತಿನಿಸುಗಳನ್ನು ರೂಪಿಸಿದನು. ಅವುಗಳಿಗೆ ಖ್ಯಾತ ಗಾಯಕಿಯರ, ನಟಿಯರ ಹೆಸರಿಡುವುದು ಆತನ ರೂಢಿ. ಇವುಗಳಲ್ಲಿ ಲೋಕವೆಲ್ಲ ಬಲ್ಲದ್ದು ಪೀಚ್ ಮೆಲ್ಬಾ. ನೆಲ್ಲಿ ಮೆಲ್ಬಾ ಆಸ್ಟ್ರೇಲಿಯದ ಗಾಯಕಿ. ಮೆಲ್ಬರ್ನ್ ನಗರದಿಂದಲೇ ಆ ಹೆಸರನ್ನು ಮಾಡಿಕೊಂಡವಳು. 1890ರ ದಶಕದ ಮೊದಲ ಭಾಗದಲ್ಲಿ ಆಕೆ ಲಂಡನ್ನಿನಲ್ಲಿ ವಾಗ್ನರನ ಲೋಹೆನ್‌ಗ್ರಿನ್ ಗೀತನಾಟಕದಲ್ಲಿ ಹಾಡಿದಳು. ಆ ನಾಟಕದಲ್ಲಿ ಹಂಸವೊಂದು ದೋಣಿಯನ್ನೆಳೆದು ತರುತ್ತದೆ. ಅದನ್ನು ನೆನೆದು ಎಸ್ಕಾಫಿಯೆ ಮಂಜುಗಡ್ಡೆಯಲ್ಲಿ ಹಂಸವನ್ನು ಕೆತ್ತಿಸಿ, ಅದರ ರೆಕ್ಕೆಗಳ ನಡುವೆ ಐಸ್‌ಕ್ರೀಮಿನ ಮೇಲೆ ಪೀಚ್ ಹಣ್ಣುಗಳನ್ನಿಟ್ಟು ಆಕೆಗೆ ಅರ್ಪಿಸಿದನು. ಕೆಲವು ವರ್ಷಗಳ ಮೇಲೆ ಅದಕ್ಕೆ ರಾಸ್ಪ್‌ಬೆರಿ ಹಣ್ಣಿನ ರಸವನ್ನು ಸೇರಿಸಿದನು. ಶಿಲ್ಪಿಯಾಗಲಾರದೆ ಹೋದ ಹುಡುಗನ ಆಸೆ ಆ ಮಂಜಿನ ಹಂಸದಲ್ಲಿ ಸ್ವಲ್ಪವಾದರೂ ಈಡೇರಿತೆಂದು ಹೇಳಬಹುದು.

ಹಾಸ್ಯಪ್ರವೃತ್ತಿಯೂ ಆತನಲ್ಲಿತ್ತು. ಫ್ರೆಂಚರು ಕಪ್ಪೆಯ ಕಾಲನ್ನು ತಿನ್ನುತ್ತಾರೆಂದು ಇಂಗ್ಲಿಷರು ನಗುತ್ತಿದ್ದರು. ಎಸ್ಕಾಫಿಯೆ ಅದೇ ಕಪ್ಪೆಯ ಕಾಲುಗಳಿಗೆ ಉಷಃಕಾಲದ ಅಪ್ಸರೆಯರ ತೊಡೆಗಳು ಎಂಬರ್ಥದ ಸೊಗಸಾದ ಫ್ರೆಂಚ್ ಹೆಸರು ಕೊಟ್ಟು ಯುವರಾಜ ಎಡ್ವರ್ಡನ ಪರಿವಾರಕ್ಕೆ ಬಡಿಸಿದನು. ಎಲ್ಲರೂ ಚಪ್ಪರಿಸಿ ತಿಂದರು.

ಇನ್ನು ಆ ಕಲೆಯ ಮಾತು. 1898ರ ಮಾರ್ಚ್ 8ರಂದು ಸವಾಯ್‌ನ ಆಡಳಿತ ಮಂಡಲಿ ರಿಟ್ಸ್, ಎಸ್ಕಾಫಿಯೆ ಮತ್ತು ಅವರ ಇನ್ನೊಬ್ಬ ಜೊತೆಗಾರನನ್ನು ಕೆಲಸದಿಂದ ತೆಗೆದುಹಾಕಿತು. 3,400 ಪೌಂಡುಗಳಿಗೂ ಮೀರಿದ ಬೆಲೆಯ ಮದ್ಯ ಲೆಕ್ಕಕ್ಕೆ ಸಿಗದೆ ಹೋಗಿತ್ತು. ಎಸ್ಕಾಫಿಯೆಯ ಮೇಲಿದ್ದ ಆರೋಪ ಬೇರೆ. ಸಾಮಾನು ಒದಗಿಸುವ ವರ್ತಕರಿಂದ ಆತನು ಗುಟ್ಟಾಗಿ ದಲ್ಲಾಳಿ ಹಣವನ್ನೂ ಉಡುಗೊರೆಗಳನ್ನೂ ಪಡೆಯುತ್ತಿದ್ದನು. ಆ ನಷ್ಟವನ್ನು ತುಂಬಿಕೊಳ್ಳಲು ವರ್ತಕರು ಹೋಟೆಲಿಗೆ ತೂಕದಲ್ಲಿ ಕಡಿಮೆ ಕೊಡುತ್ತಿದ್ದರು. 1900ರ ಜನವರಿಯಲ್ಲಿ ಆತನು ತಪ್ಪೊಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದನು. 8,000 ಪೌಂಡು ಕೊಡಬೇಕಾಗಿದ್ದರೂ ಆತನಲ್ಲಿ ಅಷ್ಟು ಹಣವಿರಲಿಲ್ಲವಾಗಿ 500 ಪೌಂಡುಗಳಿಗೆ ವಿಷಯ ಮುಗಿಯಿತು. ಎರಡು ಕಡೆಯವರೂ ಇದನ್ನು ಗುಟ್ಟಾಗಿಟ್ಟರು. ಈ ಕಾಗದಪತ್ರಗಳು ಬೆಳಕಿಗೆ ಬಂದದ್ದು ಎಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ, 1980ರ ದಶಕದಲ್ಲಿ.

ಇದನ್ನು ಓದಿದಾಗ ಮನಸ್ಸಿಗೆ ಖೇದವಾಗುತ್ತದೆ. ವರ್ತಕರಿಂದ ಅಡುಗೆಯವರು ಮಾಮೂಲು ಪಡೆಯುವುದು ಆ ಕಾಲದಲ್ಲಿ ಎಲ್ಲೆಡೆಯೂ ಇದ್ದ ರೂಢಿಯೆಂದು ಆತನ ಪರವಾಗಿ ವಾದಿಸುವವರಿದ್ದಾರೆ. ರೂಢಿಯಲ್ಲಿದ್ದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ. ಅಡುಗೆಮನೆಯ ಕುಡಿತ, ಹೊಡೆತಗಳೂ ರೂಢಿಯಲ್ಲಿಯೇ ಇದ್ದವು. ಅವುಗಳನ್ನು ಕಿತ್ತೊಗೆದವನು ಇದೊಂದನ್ನು ಏಕೆ ಉಳಿಸಿಕೊಂಡನು? ಕೆಲಸದಲ್ಲಿ ಅಷ್ಟು ಶುದ್ಧನಾಗಿದ್ದವನು ಲೆಕ್ಕದಲ್ಲಿ ಶುದ್ಧನಾಗಿರಲಿಲ್ಲ. ಮಹಾಪುರುಷರ ಚರಿತ್ರೆಗಳನ್ನು ಬರೆಯುವವರು ಇಂಥ ಪುಟಗಳನ್ನು ಹರಿದುಹಾಕುವುದುಂಟು. ಹಾಗೆ ಮಾಡುವುದರಿಂದ ಓದುವವರಿಗೆ ಉಪಕಾರವಾಗುವುದಿಲ್ಲ.

ಸವಾಯ್‌ನಿಂದ ಹೊರಬಿದ್ದರೂ ಆತನ ಕೈಯ ವಿದ್ಯೆಯನ್ನು ಯಾರೂ ಕಸಿದುಕೊಳ್ಳಲಾರದೆ ಹೋದರು. ಅದೇ ವರ್ಷ ಜೂನ್ 1ರಂದು ಪ್ಯಾರಿಸ್ಸಿನ ವಾಂಡೋಮ್ ಚೌಕದಲ್ಲಿ ರಿಟ್ಸ್ ಹೋಟೆಲು ತೆರೆಯಿತು. ಅದರ ಅಡುಗೆಮನೆಯನ್ನು ಸಜ್ಜುಗೊಳಿಸಿದವನು ಎಸ್ಕಾಫಿಯೆ. ಮರುವರ್ಷ ಲಂಡನ್ನಿನಲ್ಲಿ ಕಾರ್ಲ್‌ಟನ್ ಹೋಟೆಲು ಆರಂಭವಾಯಿತು. ಅಲ್ಲಿ ಊಟದ ಅಂಗಣಕ್ಕೆ ಕೆಲವು ಮೆಟ್ಟಿಲುಗಳನ್ನು ಇಳಿದು ಬರುವಂತೆ ರಿಟ್ಸ್ ಕಟ್ಟಿಸಿದ್ದನು, ಬರುವ ಹೆಂಗಸರ ಉಡುಗೆತೊಡುಗೆ ಎಲ್ಲರಿಗೂ ಕಾಣಲೆಂದು. ಒಳಗೆ ಎಸ್ಕಾಫಿಯೆಯ ಕೈಕೆಳಗೆ ಸುಮಾರು 60 ಅಡುಗೆಯವರು ದುಡಿಯುತ್ತಿದ್ದರು. ಸವಾಯ್‌ನ ಗಿರಾಕಿಗಳಲ್ಲಿ ಅನೇಕರು ಇಲ್ಲಿಗೆ ಬಂದರು.

1902ರ ಜೂನಿನಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಕಾರ್ಲ್‌ಟನ್‌ನಲ್ಲಿ ಭಾರಿ ಏರ್ಪಾಡು ನಡೆದಿತ್ತು. ಎರಡು ದಿನ ಮೊದಲು ದೊರೆಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದು ಪಟ್ಟಾಭಿಷೇಕ ಮುಂದಕ್ಕೆ ಹೋಯಿತು. ತಿಂಗಳುಗಟ್ಟಲೆ ದುಡಿದಿದ್ದ ರಿಟ್ಸ್ ಈ ಆಘಾತದಿಂದ ಕುಸಿದನು. ಮತ್ತೆ ಪೂರ್ತಿಯಾಗಿ ಚೇತರಿಸಿಕೊಳ್ಳಲೇ ಇಲ್ಲ. 1918ರಲ್ಲಿ ತೀರಿಕೊಂಡನು. ಗೆಳೆಯನ ಆಸರೆಯಿಲ್ಲದೆಯೇ ಎಸ್ಕಾಫಿಯೆ ಕಾರ್ಲ್‌ಟನ್‌ನ ಕೀರ್ತಿಯನ್ನು ಉಳಿಸಿದನು.

ಆತನ ಮಹಾಕೃತಿ ಹೊರಬಂದದ್ದು 1903ರಲ್ಲಿ. ಲ ಗೀಡ್ ಕ್ಯುಲಿನೇರ್, ಎಂದರೆ ಪಾಕದರ್ಶಿನಿ ಎನ್ನಬಹುದಾದ ಈ ಗ್ರಂಥದಲ್ಲಿ 5,000ಕ್ಕೂ ಹೆಚ್ಚು ಪಾಕವಿಧಾನಗಳಿವೆ. ಫಿಲೆಯಸ್ ಜಿಲ್ಬೇರ್, ಎಮೀಲ್ ಫೆತ್ಯು ಎಂಬವರು ಇದರಲ್ಲಿ ಆತನಿಗೆ ನೆರವಾದರು. ಅದಕ್ಕೆ ಮೊದಲು ಅಡುಗೆಯವರು ತಮ್ಮ ಗುಟ್ಟನ್ನು ಮಗನಿಗೋ ಮೆಚ್ಚಿನ ಶಿಷ್ಯನಿಗೋ ಹೇಳಿಕೊಟ್ಟು ಸಾಯುವುದು ವಾಡಿಕೆ. ಎಸ್ಕಾಫಿಯೆ ಎಲ್ಲವನ್ನೂ ಬಯಲಿಗಿಟ್ಟನು. ಹಳೆಯ ಅಡುಗೆಯಲ್ಲಿದ್ದ ಅನಗತ್ಯವಾದ ಅಲಂಕಾರಗಳನ್ನು ಕಡಿಮೆಮಾಡಿದನು. ನೂರಾರು ಸಾಸುಗಳನ್ನು ಕೆಲವೇ ಮೂಲ ಸಾಸುಗಳ ಸಂತಾನವೆಂದು ವಿಂಗಡಿಸಿದನು. ವೈಯಾಕರಣನು ಭಾಷೆಗೆ ಮಾಡುವ ಕೆಲಸವನ್ನು ಆತನು ಅಡುಗೆಗೆ ಮಾಡಿದನೆನ್ನಬಹುದು. ಹದಿಮೂರಕ್ಕೇ ಶಾಲೆ ಬಿಟ್ಟವನ ಈ ಪುಸ್ತಕವನ್ನು ಅಡುಗೆಯ ಶಾಲೆಗಳಲ್ಲಿ ಇಂದಿಗೂ ಓದುತ್ತಾರೆ.

ಶ್ರೀಮಂತರಿಗೆ ಬಡಿಸಿ ಬಡಿಸಿ ಬಡವರನ್ನು ಆತನು ಮರೆಯಲಿಲ್ಲ. ಹೋಟೆಲಿನಲ್ಲಿ ಕೆಡದೆ ಉಳಿದ ಆಹಾರವನ್ನು, ದಿಕ್ಕಿಲ್ಲದ ಮುದುಕರನ್ನು ಸಾಕುತ್ತಿದ್ದ ಕ್ರೈಸ್ತ ಸಂನ್ಯಾಸಿನಿಯರಿಗೆ ಕಳುಹಿಸುತ್ತಿದ್ದನು. 1910ರಲ್ಲಿ ಬಡತನದ ನಿವಾರಣೆಗೆ ಪರಸ್ಪರ ಸಹಾಯದ ಒಂದು ಯೋಜನೆಯನ್ನು ಬರೆದು ಪ್ರಕಟಿಸಿದನು. ಜೀವಮಾನವಿಡೀ ದುಡಿದವನು ಮುಪ್ಪಿನಲ್ಲಿ ಭಿಕ್ಷೆಗೆ ಇಳಿಯಬಾರದೆಂಬುದು ಅದರ ಆಶಯ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆತನ ಮಗ ದಾನಿಯೆಲ್ ರಣರಂಗದಲ್ಲಿ ಮಡಿದನು. ಅಡುಗೆಮನೆಯ ಹಲವು ಹುಡುಗರು ಸೈನ್ಯಕ್ಕೆ ಹೋದರು. ಅವರ ಮನೆಯವರಿಗಾಗಿ ಎಸ್ಕಾಫಿಯೆ ಹಣ ಕೂಡಿಸಿದನು. ಮಗನನ್ನು ಕಳೆದುಕೊಂಡ ತಂದೆ ಸಂಜೆಯ ಊಟಕ್ಕೆ ಕೊರತೆಯಾಗದಂತೆ ಒಲೆಯ ಮುಂದೆ ನಿಂತೇ ಇದ್ದನು.

ಈ ಕೀರ್ತಿಗೆ ಆತನು ತೆತ್ತ ಬೆಲೆಯೂ ಸಣ್ಣದಲ್ಲ. ಹೆಂಡತಿ ಮಕ್ಕಳು ಬಹುಕಾಲ ಮಾಂಟೆ ಕಾರ್ಲೊದಲ್ಲಿದ್ದರು, ಆತನು ಲಂಡನ್ನಿನಲ್ಲಿ. ಮೂವತ್ತು ವರ್ಷ ಅಲ್ಲಿದ್ದರೂ ಇಂಗ್ಲಿಷ್ ಭಾಷೆಯನ್ನು ಸರಿಯಾಗಿ ಕಲಿಯಲಿಲ್ಲ. ಬೆಳಗಾದರೆ ಮಾರುಕಟ್ಟೆ, ಕತ್ತಲಾದರೆ ಒಲೆ, ಇದೇ ಆತನ ಲಂಡನ್. ನಗರದ ದೊಡ್ಡವರಿಗೆಲ್ಲ ಊಟ ಬಡಿಸಿದವನ ಮನೆಯ ಊಟ ವರ್ಷಗಟ್ಟಲೆ ಆತನಿಲ್ಲದೆಯೇ ನಡೆಯಿತು.

ಮಹಾಯುದ್ಧ ಮುಗಿದ ಮೇಲೆ, ಎಪ್ಪತ್ತು ದಾಟಿದ ಎಸ್ಕಾಫಿಯೆ ಕಾರ್ಲ್‌ಟನ್ನನ್ನು ಬಿಟ್ಟು ಮಾಂಟೆ ಕಾರ್ಲೊಗೆ ಹಿಂದಿರುಗಿದನು. ಫ್ರೆಂಚ್ ಸರಕಾರ ತನ್ನ ಅತ್ಯುನ್ನತ ಗೌರವಶ್ರೇಣಿಯಾದ ಲೀಜನ್ ಆಫ್ ಆನರ್ ಪದಕವನ್ನು ಆತನಿಗೆ ನೀಡಿತು. 1928ರಲ್ಲಿ ಅದರ ಮೇಲಿನ ದರ್ಜೆಗೆ ಏರಿಸಿತು. ಸೇನಾನಿಗಳಿಗೂ ವಿದ್ವಾಂಸರಿಗೂ ಸಲ್ಲುತ್ತಿದ್ದ ಪದಕ ಅಡುಗೆಯವನೊಬ್ಬನ ಎದೆಯ ಮೇಲೆ ಬಂದದ್ದು ಆ ವೃತ್ತಿಯವರಿಗೆಲ್ಲ ಹೆಮ್ಮೆಯ ಸಂಗತಿಯಾಯಿತು. 1934ರಲ್ಲಿ ಮನೆಯ ಅಡುಗೆಗಾಗಿ ಇನ್ನೊಂದು ಪುಸ್ತಕವನ್ನು ಬರೆದನು. 1935ರ ಫೆಬ್ರವರಿಯಲ್ಲಿ ಹೆಂಡತಿ ತೀರಿಕೊಂಡಳು. ಒಂದು ವಾರದೊಳಗೆ, ಫೆಬ್ರವರಿ 12ರಂದು, ಆತನೂ ತೀರಿಕೊಂಡನು. ಆಗ ಆತನಿಗೆ ಎಂಬತ್ತೆಂಟು ವರ್ಷ. ಹುಟ್ಟಿದ ಹಳ್ಳಿಯಲ್ಲಿಯೇ ಮಣ್ಣುಮಾಡಿದರು. ಕಾರ್ಲ್‌ಟನ್ ಹೋಟೆಲು ಎರಡನೆಯ ಮಹಾಯುದ್ಧದ ಬಾಂಬಿನಿಂದ ಜಖಂಗೊಂಡು, 1950ರ ದಶಕದಲ್ಲಿ ನೆಲಸಮವಾಯಿತು. ಆದರೆ ಕಮ್ಮಾರನ ಆ ಚಿಕ್ಕ ಮನೆ ಉಳಿದಿದೆ. 1966ರಲ್ಲಿ ಅದನ್ನು ಅಡುಗೆಯ ಕಲೆಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು.

ಈ ಜೀವನದಿಂದ ನಾವು ತಿಳಿಯಬೇಕಾದದ್ದೇನು? ನಮ್ಮ ನಾಡಿನ ಎಷ್ಟೋ ಹುಡುಗರು ಮುಂಬಯಿ, ಮದರಾಸು, ಬೆಂಗಳೂರುಗಳ ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಬದುಕನ್ನು ಆರಂಭಿಸಿದವರು. ಅವರಲ್ಲಿ ಕೆಲವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಉಳಿದವರ ಹೆಸರನ್ನು ಯಾರೂ ಬಲ್ಲವರಿಲ್ಲ. ನನ್ನಂತೆ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಹಿರಿಯರು ಹೇಳುವ ಮಾತು ಒಂದೇ: ಈ ಕೈಕೆಲಸ ನಮ್ಮ ತಲೆಗೇ ಮುಗಿಯಲಿ ಎಂಬುದು. ಅದು ಪ್ರೀತಿಯ ಮಾತು, ಅದರ ಹಿಂದಿನ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಪದವಿಯೊಂದು ಕೈಗೆ ಬಂದೊಡನೆ ಕೈಕೆಲಸವೆಲ್ಲ ಕೀಳೆಂದು ಕಾಣತೊಡಗಿದರೆ, ಆ ಹಿರಿಯರನ್ನೇ ಕೀಳುಗಳೆದಂತಾಗುತ್ತದೆ. ಎಸ್ಕಾಫಿಯೆ ತನ್ನ ವೃತ್ತಿಯಿಂದ ಓಡಿಹೋಗಲಿಲ್ಲ. ಹೊಗೆಗೆ ದಾರಿ ಮಾಡಿದನು, ಹೊಡೆತವನ್ನು ನಿಲ್ಲಿಸಿದನು, ಗುಟ್ಟನ್ನು ಪುಸ್ತಕ ಮಾಡಿದನು. ಒಂದು ವೃತ್ತಿಗೆ ಮರ್ಯಾದೆ ಬರುವುದು ಇಂಥ ಕೆಲಸಗಳಿಂದ.

ಒಳ್ಳೆಯ ಹೋಟೆಲಿನ ಊಟವೆಂದರೆ ನಾವು ಸಾಮಾನ್ಯವಾಗಿ ಹೊರಗಿನ ದೀಪ, ಮೇಜು, ಬೆಲೆಗಳ ಮಾತನ್ನೇ ಆಡುತ್ತೇವೆ. ಅದರ ಇನ್ನೊಂದು ಬಾಗಿಲು ಹಿತ್ತಲಿಗೆ ತೆರೆದಿರುತ್ತದೆ. ಅಲ್ಲಿ ಬೆವರೊರೆಸಿಕೊಳ್ಳುತ್ತ ಗಾಳಿಗೆ ನಿಂತಿರುವ ಅಡುಗೆಯವರು ಇದ್ದೇ ಇರುತ್ತಾರೆ. ಆ ಬಾಗಿಲಿನಿಂದ ಒಳಗೆ ಹೋದ ಹದಿಮೂರು ವರ್ಷದ ಹುಡುಗನೊಬ್ಬನ ಕಥೆಯನ್ನು ಸಹಪಾಠಿಗಳ ಮುಂದೆ ಇಟ್ಟಿದ್ದೇನೆ.